ಪಾರ್ಕಿನಲ್ಲಿ ಸಣ್ಣ ಡ್ರೋನ್ ಹಾರಿಸಬಹುದಾ? ಕಲಬುರಗಿಯವರು ಸ್ವಲ್ಪ ಹೇಳಿ

ಜೇವರ್ಗಿ ರೋಡ್:
ಎಲ್ಲರಿಗೂ ನಮಸ್ಕಾರ. ಮಗ ಎಸ್ಸೆಸ್ಸೆಲ್ಸಿ ಪಾಸಾದ ಅಂತ ಅವನ ಮಾಮ ಒಂದು ಸಣ್ಣ ಡ್ರೋನ್ ಕೊಡಿಸಿದ್ದಾನೆ. ಡಬ್ಬಿ ಮೇಲೆ 249 ಗ್ರಾಂ ಅಂತ ಇದೆ. ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆ ಪಾರ್ಕಿಗೆ ತಗೊಂಡು ಹೋದೆವು. ಇನ್ನೂ ನೆಲದಿಂದ ಏಳಿಸಿರಲಿಲ್ಲ, ವಾಚ್‌ಮನ್ ಓಡಿ ಬಂದ. "ಇದೆಲ್ಲ ಇಲ್ಲಿ ನಡಿಯಂಗಿಲ್ರೀ, ಸಾಹೇಬ್ರು ಬೈತಾರ" ಅಂದ. ಯಾವ ರೂಲ್ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ. ಅಂಗಡಿಯವನನ್ನು ಕೇಳಿದರೆ "ಕಾಲು ಕಿಲೋ ಒಳಗಿದ್ರೆ ಯಾವ ಲೈಸೆನ್ಸೂ ಬೇಡ ಸರ್, ಆರಾಮಾಗಿ ಹಾರಿಸಿ" ಅನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ಖರೆ? ಮಗ ಮುಖ ಊದಿಸಿಕೊಂಡು ಕೂತಿದ್ದಾನೆ.

ಗಂಜ್ ಹುಡುಗ:
ಅಂಗಡಿಯವನು ಹೇಳಿದ್ದೇ ಸರಿ ಅಣ್ಣ. 250 ಗ್ರಾಂ ತನಕ ನ್ಯಾನೋ. ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ. ವಾಚ್‌ಮನ್‌ಗಳು ಎಲ್ಲದಕ್ಕೂ ಬೇಡ ಅಂತಾರೆ. ಹುಲ್ಲಿನ ಮೇಲೆ ಕೂತರೂ ಸೀಟಿ ಊದ್ತಾರೆ.

ಶಹಾಬಾದ್ ಕಲ್ಲು:
ಚಾ ಕುಡಿಸಿ ನೋಡಿ. ಅರ್ಧ ರೂಲ್ ಅಲ್ಲೇ ಕರಗುತ್ತವೆ 😄

ನಕಾಶೆ ಕಾಕಾ:
ಚಾ ವಿಷಯ ಬಿಡಿ. ಇಲ್ಲಿ ಅಂಗಡಿಯವನೂ ಸರಿ, ವಾಚ್‌ಮನ್ನೂ ಸರಿ. ಇಬ್ಬರೂ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ. ಒಬ್ಬ ಆಕಾಶದ ಮಾತಾಡಿದ, ಇನ್ನೊಬ್ಬ ನೆಲದ ಮಾತಾಡಿದ. ನಾನು ಸರ್ವೆ ಕೆಲಸದಲ್ಲಿ ಇದ್ದವನು, ಈ ಕಾಗದಗಳನ್ನು ಓದಿ ಓದಿ ಕನ್ನಡಕದ ನಂಬರ್ ಏರಿದೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಆಕಾಶ. ಅದು ಕೇಂದ್ರ ಸರ್ಕಾರದ್ದು. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳೇ ಇವತ್ತಿಗೂ ಆಧಾರ. ತೂಕದ ಮೇಲೆ ಜಾತಿ: 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕಿಲೋ ತನಕ ಮೈಕ್ರೋ, 25 ಕಿಲೋ ತನಕ ಸ್ಮಾಲ್. ಅದರ ಮೇಲಿನದು ನಮಗೆ ಬೇಡ. ನ್ಯಾನೋ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ. ಮೈಕ್ರೋವನ್ನು ದುಡ್ಡಿಗಲ್ಲದೆ ಹವ್ಯಾಸಕ್ಕೆ ಹಾರಿಸಿದರೆ ಅದಕ್ಕೂ ಬೇಡ. ಥರ್ಡ್ ಪಾರ್ಟಿ ವಿಮೆಯಲ್ಲಿ ನ್ಯಾನೋಗೆ ಮಾತ್ರ ಮಾಫಿ. 250 ಗ್ರಾಂ ದಾಟಿತೋ, ವಿಮಾನಯಾನದವರ ಸರ್ಕಾರಿ ಪೋರ್ಟಲಿನಲ್ಲಿ ನೋಂದಣಿ ಮಾಡಿಸಿ ಯುಐಎನ್, ಅಂದರೆ ಡ್ರೋನಿನ ಗುರುತಿನ ನಂಬರ್ ತಗೊಳ್ಳಲೇಬೇಕು. ಅದರ ಫೀ ಬರೀ 100 ರೂಪಾಯಿ. ಫೀ ಸಣ್ಣದು, ಅದಕ್ಕೆ ಬೇಕಾದ ಕಾಗದ ಸಣ್ಣದಲ್ಲ.

ಆದರೆ ವಲಯದ ನಿಯಮದಿಂದ ಯಾವ ಡ್ರೋನಿಗೂ ಮಾಫಿ ಇಲ್ಲ. ಜನ ಎಡವುವುದು ಇಲ್ಲೇ. ಇಡೀ ದೇಶದ ನಕಾಶೆಗೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಚ್ಚಿದ್ದಾರೆ. ಹಸಿರಿನಲ್ಲಿ 120 ಮೀಟರ್, ಅಂದರೆ 400 ಅಡಿ ಎತ್ತರದ ತನಕ ಯಾರನ್ನೂ ಕೇಳಬೇಕಿಲ್ಲ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಹೂಂ ಅನ್ನಬೇಕು. ನಮ್ಮಂಥವರಿಗೆ ಅದು ಆಗದ ಮಾತು.

ಈಗ ನಮ್ಮೂರಿಗೆ ಬನ್ನಿ. 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಲೆಕ್ಕ ಬದಲಾಯಿತು. ನಿಲ್ದಾಣದ ಕಾಂಪೌಂಡಿನಿಂದ 5ರಿಂದ 8 ಕಿಲೋಮೀಟರ್ ನಡುವಿನ ಜಾಗ ನೆಲದಿಂದಲೇ ಹಳದಿ. 8ರಿಂದ 12 ಕಿಲೋಮೀಟರ್ ನಡುವೆ 60 ಮೀಟರ್ ತನಕ ಹಸಿರು, ಅದರ ಮೇಲೆ ಹಳದಿ. ಟರ್ಮಿನಲ್ ಕಟ್ಟಡದಿಂದ ಅಳೆಯಬೇಡಿ, ಕಾಂಪೌಂಡಿನಿಂದ ಅಳೆಯಬೇಕು. ರನ್‌ವೇನೇ 3 ಕಿಲೋಮೀಟರ್‌ಗಿಂತ ಉದ್ದ ಇದೆ, ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ನಿಲ್ದಾಣ ಇರುವುದು ಊರಿನ ಪೂರ್ವಕ್ಕೆ. ಸೇಡಂ ರೋಡ್, ಯೂನಿವರ್ಸಿಟಿ ಕಡೆಯವರು ಈ ಉಂಗುರದ ಹತ್ತಿರ ಬರುತ್ತಾರೆ. ಆಳಂದ ರೋಡ್ ಕಡೆಯವರು ದೂರ. ನೀವು ಜೇವರ್ಗಿ ರೋಡ್ ಅಂತೀರಿ, ನೀವೂ ದೂರವೇ. ಆದರೂ ನನ್ನ ಮಾತು ನಂಬಿ ಹಾರಿಸಬೇಡಿ. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ವೆಬ್‌ಸೈಟಿನ ನಕಾಶೆ ತೆರೆದು, ನಿಮ್ಮ ಪಾರ್ಕಿನ ಮೇಲೆ ಬೆರಳಿಟ್ಟು ನೋಡಿ. ಲಾಗಿನ್ ಕೂಡ ಬೇಡ. ಈ ನಕಾಶೆ ಆಗಾಗ ಬದಲಾಗುತ್ತದೆ, ಅದಕ್ಕೇ ಹಾರಿಸುವ ದಿನವೇ ನೋಡಬೇಕು.

ಜೇವರ್ಗಿ ರೋಡ್:
ಥ್ಯಾಂಕ್ಸ್ ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಈಗಲೇ ನೋಡಿದೆ, ನಮ್ಮ ಪಾರ್ಕು ಹಸಿರು ತೋರಿಸುತ್ತಿದೆ. ಅಂದಮೇಲೆ ವಾಚ್‌ಮನ್ ಬೇಡ ಅನ್ನಲು ಬರುವುದಿಲ್ಲ ಅಲ್ವಾ?

ನಕಾಶೆ ಕಾಕಾ:
ಬರುತ್ತದೆ. ನೆಲದ ಮಾತು ಶುರುವಾಗುವುದು ಇಲ್ಲಿಂದಲೇ.

ಹಸಿರು ಅಂದರೆ ಆ ಆಕಾಶದಲ್ಲಿ ಹಾರಿದರೆ ವಿಮಾನಯಾನದವರ ತಕರಾರಿಲ್ಲ ಅಂತ ಅಷ್ಟೇ. ನೀವು ನಿಂತು ಹಾರಿಸುವ ಜಾಗದ ಮಾಲೀಕರು ಒಪ್ಪಿದ್ದಾರೆ ಅಂತ ಅಲ್ಲ. ಪಾರ್ಕ್ ಒಳಗೆ ಏನು ಮಾಡಬಹುದು, ಏನು ಬೇಡ ಅಂತ ಹೇಳುವ ಹಕ್ಕು ಅದನ್ನು ನೋಡಿಕೊಳ್ಳುವವರದು. ಬೈಕ್ ತರಬೇಡಿ, ನಾಯಿ ತರಬೇಡಿ, ಕ್ರಿಕೆಟ್ ಆಡಬೇಡಿ ಅಂತ ಬೋರ್ಡ್ ಹಾಕುತ್ತಾರಲ್ಲ, ಡ್ರೋನ್ ಬೇಡ ಅಂತಲೂ ಹಾಕಬಹುದು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ 1985ರ ಕಾಯ್ದೆ ಇದೆ. ಅದು ಬಂದ ಕಾಲಕ್ಕೆ ಡ್ರೋನ್ ಯಾರ ಕನಸಿನಲ್ಲೂ ಇರಲಿಲ್ಲ. ಜಾಗವನ್ನು ಬೇರೆ ಕೆಲಸಕ್ಕೆ ಬಳಸಬಾರದು ಅನ್ನುವುದು ಅದರ ತಿರುಳು. ಡ್ರೋನಿಗೆ ಅದರಲ್ಲಿ ಉತ್ತರ ಹುಡುಕಿದರೆ ಸಿಗದು. ಉತ್ತರ ಸಿಗುವುದು ಆ ಪಾರ್ಕ್ ಯಾರ ಕೈಯಲ್ಲಿದೆಯೋ ಅವರ ಹತ್ತಿರ.

ಅದು ಯಾರು ಅಂತ ಮೊದಲು ಪತ್ತೆ ಮಾಡಿ. ಕೆಲವು ಮಹಾನಗರ ಪಾಲಿಕೆಯವು. ಕೆಲವು ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇವೆ, ಬಡಾವಣೆ ಹಸ್ತಾಂತರ ಆಗಿರುವುದಿಲ್ಲ. ಕೆಲವು ತೋಟಗಾರಿಕೆ ಇಲಾಖೆಯವು. ಕೆಲವನ್ನು ಬಡಾವಣೆ ಸಂಘದವರು ನೋಡಿಕೊಳ್ಳುತ್ತಾರೆ. ಗೇಟಿನ ಪಕ್ಕದ ಫಲಕ ನೋಡಿದರೆ ಗೊತ್ತಾಗುತ್ತದೆ. ಬಣ್ಣ ಹೋಗಿ ಓದಲು ಬಾರದಿದ್ದರೆ ಮಾಲಿಯನ್ನು ನಿಮಗೆ ಸಂಬಳ ಯಾರು ಕೊಡುತ್ತಾರೆ ಅಂತ ಕೇಳಿ. ಆ ಉತ್ತರ ಯಾವ ಫಲಕಕ್ಕಿಂತಲೂ ಖಚಿತ.

ಗಂಜ್ ಹುಡುಗ:
ಇದು ಜಾಸ್ತಿ ಆಯ್ತು ಕಾಕಾ. 249 ಗ್ರಾಂ ಆಟದ ಸಾಮಾನಿಗೆ ಅರ್ಜಿ, ಟಪಾಲು, ಸೀಲು. ಅದೇ ಪಾರ್ಕಲ್ಲಿ ಹುಡುಗರು ಲೆದರ್ ಬಾಲ್‌ನಲ್ಲಿ ಆಡ್ತಾರೆ. ತಲೆಗೆ ಬಿದ್ದರೆ ಅದು ಡ್ರೋನಿಗಿಂತ ಡೇಂಜರ್.

ಬೆಳಗಿನ ವಾಕಿಂಗ್:
ಗಂಜ್ ತಮ್ಮಾ, ಲೆದರ್ ಬಾಲ್‌ಗೆ ಕ್ಯಾಮೆರಾ ಇರುವುದಿಲ್ಲ.

ನಾವು ಏಳೆಂಟು ಜನ ಹೆಂಗಸರು ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗುತ್ತೇವೆ. ಕೆಲವರು ಸೀರೆ ಎತ್ತಿಕಟ್ಟಿ ಬಿರುಸಾಗಿ ನಡೆಯುತ್ತಾರೆ, ಕೆಲವರು ಮೂಲೆಯಲ್ಲಿ ಯೋಗ ಮಾಡುತ್ತಾರೆ. ಒಂದಿನ ಮೇಲೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು ಬಂತು. ತಲೆ ಎತ್ತಿದರೆ ಡ್ರೋನ್. ನಮ್ಮ ಮೇಲೆಯೇ ನಿಂತಿದೆ. ಯಾರು ಹಾರಿಸುತ್ತಿದ್ದಾರೆ ಗೊತ್ತಿಲ್ಲ, ವಿಡಿಯೋ ಮಾಡುತ್ತಿದ್ದಾರಾ ಅದೂ ಗೊತ್ತಿಲ್ಲ. ಎಲ್ಲರೂ ಸೆರಗು ಸರಿ ಮಾಡಿಕೊಂಡು ಮರದ ಕೆಳಗೆ ಸರಿದೆವು. ಅವತ್ತು ಯೋಗ ಅಷ್ಟಕ್ಕೇ ನಿಂತಿತು. ಆ ಹುಡುಗನಿಗೆ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಕೆಳಗೆ ನಿಂತವರಿಗೆ ಅದು ಹೇಗೆ ತಿಳಿಯಬೇಕು?

ಜೇವರ್ಗಿ ರೋಡ್ ಸರ್, ನಿಮ್ಮ ಮಗ ಹಾರಿಸಲಿ, ಬೇಡ ಅನ್ನುವುದಿಲ್ಲ. ಅಲ್ಲಿ ಇರುವವರಿಗೆ ಮೊದಲು ಒಂದು ಮಾತು ಹೇಳಿದರೆ ಸಾಕು. "ಆಂಟಿ, ಹತ್ತು ನಿಮಿಷ ಆ ಕಡೆ ಹಾರಿಸ್ತೀನಿ, ನಿಮ್ಮ ಕಡೆ ಬರಲ್ಲ" ಅಂದರೆ ನಾವೇ ನೋಡಲು ನಿಲ್ಲುತ್ತೇವೆ.

ನಕಾಶೆ ಕಾಕಾ:
ಅಕ್ಕಾವ್ರು ಹೇಳಿದ್ದು ಬರೀ ಸೌಜನ್ಯದ ಮಾತಲ್ಲ, ಕಾನೂನೂ ಇದೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಹೆಣ್ಣುಮಕ್ಕಳು ಖಾಸಗಿಯಾಗಿರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಅಪರಾಧ ಅನ್ನುತ್ತದೆ. ಪಾರ್ಕಿನಿಂದ ಎದ್ದ ಡ್ರೋನ್ ಪಕ್ಕದ ಮನೆಯ ಮಾಳಿಗೆ, ಬಾತ್‌ರೂಮ್ ಕಿಟಕಿ ಕಡೆ ಹೋದರೆ ಆಟದ ಸಾಮಾನು ಅಂತ ಯಾರೂ ಕೇಳುವುದಿಲ್ಲ. ನಿರ್ಲಕ್ಷ್ಯದಿಂದ ಬೇರೆಯವರ ಜೀವಕ್ಕೆ ಅಪಾಯ ತಂದರೆ 125ನೇ ಕಲಂ ಇದೆ. ಇವುಗಳಲ್ಲಿ 249 ಗ್ರಾಂ, 250 ಗ್ರಾಂ ಅನ್ನುವ ಲೆಕ್ಕವೇ ಇಲ್ಲ. ಡ್ರೋನ್ ನಿಯಮ ಮುರಿದರೆ ಅದರ ದಂಡ ಬೇರೆ, 1 ಲಕ್ಷ ರೂಪಾಯಿ ತನಕ.

ಲಗ್ನದ ಕ್ಯಾಮೆರಾ:
ನಾನು ಲಗ್ನಗಳಲ್ಲಿ ಡ್ರೋನ್ ಹಾರಿಸುವವನು. ಎರಡು ಮಾತು.

ಒಂದು, ತೂಕ. ಡಬ್ಬಿ ಮೇಲಿನ 249 ನಂಬಬೇಡಿ. ಅದು ಬರೀ ಡ್ರೋನಿನದು. ಹುಡುಗರು ಹಾರಿಸುತ್ತಾರೆ ಅಂದಕೂಡಲೇ ಅಪ್ಪಂದಿರು ಮಾಡುವ ಮೊದಲ ಕೆಲಸ, ರೆಕ್ಕೆಗೆ ಗಾರ್ಡ್ ಹಾಕಿಸುವುದು. ಒಳ್ಳೆಯದೇ. ಆದರೆ ಗಾರ್ಡ್ ಕೂತ ಕ್ಷಣ 250 ದಾಟುತ್ತದೆ. ದೊಡ್ಡ ಬ್ಯಾಟರಿ ಹಾಕಿದರೂ ಅಷ್ಟೇ. ನಿಯಮ ನೋಡುವುದು ಹಾರುವಾಗಿನ ಒಟ್ಟು ತೂಕ. ಆಗ ನಿಮ್ಮ ನ್ಯಾನೋ ಮೈಕ್ರೋ ಆಗಿಬಿಡುತ್ತದೆ. ನೋಂದಣಿ, ವಿಮೆ, ಟೈಪ್ ಸರ್ಟಿಫಿಕೇಟ್ (ಆ ಮಾದರಿ ಡ್ರೋನಿಗೆ ಸಿಗುವ ಸರ್ಕಾರಿ ಮಾನ್ಯತೆ) ಎಲ್ಲ ಬಾಗಿಲಿಗೆ ಬರುತ್ತವೆ. ನಾನು ನನ್ನದನ್ನು ಸರಾಫ್ ಬಜಾರಿನಲ್ಲಿ ಪರಿಚಯದವರ ಅಂಗಡಿ ತಕ್ಕಡಿ ಮೇಲೆ ಇಟ್ಟು ನೋಡಿದೆ. ಬ್ಯಾಟರಿ, ಮೆಮೊರಿ ಕಾರ್ಡ್ ಎಲ್ಲ ಹಾಕಿ. ಸೇಠಜಿ "ಇದಕ್ಕೆ ಮೇಕಿಂಗ್ ಚಾರ್ಜ್ ಎಷ್ಟು?" ಅಂತ ಕೇಳಿದರು. ಆಮೇಲೆ ಒಂದು ಸ್ಟಿಕ್ಕರ್ ಅಂಟಿಸಿದೆ, ಕಾಟಾ ಓಡಿತು. ಚಿನ್ನದ ತಕ್ಕಡಿಗೆ ಸ್ಟಿಕ್ಕರ್ ಕೂಡ ಲೆಕ್ಕ.

ಎರಡು, ಮಾಮ ಎಲ್ಲಿಂದ ತಂದರು? ದುಬೈ, ಸೌದಿ ಕಡೆಯಿಂದ ಬ್ಯಾಗಿನಲ್ಲಿ ತಂದಿದ್ದರೆ ಅದೇ ತಂಟೆ. 2022ರ ಫೆಬ್ರವರಿ 9ರಿಂದ ಹೊರದೇಶದ ಡ್ರೋನ್ ಆಮದಿಗೆ ನಿಷೇಧ ಇದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿಭಾಗ ತರಬಹುದು, ಇಡೀ ಡ್ರೋನ್ ತರುವಂತಿಲ್ಲ.

ಜೇವರ್ಗಿ ರೋಡ್:
ಹೈದರಾಬಾದಿನಲ್ಲಿ ತಗೊಂಡದ್ದು. ಜಿಎಸ್‌ಟಿ ಬಿಲ್ ಇದೆ. ಇಲ್ಲೇ ತಯಾರಾದದ್ದು ಅಂತ ಡಬ್ಬಿ ಮೇಲಿದೆ.

ಲಗ್ನದ ಕ್ಯಾಮೆರಾ:
ಹಂಗಾದ್ರೆ ಆರಾಮು. ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗಾರ್ಡ್ ಹಾಕಬೇಡಿ. ಗಾರ್ಡ್ ಇಲ್ಲದೆ ಹಾರಿಸಲು ಭಯ ಅನಿಸಿದರೆ ಅಲ್ಲಿ ಜನ ಜಾಸ್ತಿ ಇದ್ದಾರೆ ಅಂತಲೇ ಅರ್ಥ, ಜಾಗ ಬದಲಿಸಿ.

ಬಿಸಿಲಿನ ವಿಷಯ ಬಿಟ್ಟಿದ್ದೆ. ಈ ಸಣ್ಣ ಡ್ರೋನುಗಳ ಪುಸ್ತಕದಲ್ಲಿ ಸಾಮಾನ್ಯವಾಗಿ 40 ಡಿಗ್ರಿ ತನಕ ಅಂತ ಬರೆದಿರುತ್ತದೆ. ನಮ್ಮೂರಿನ ಏಪ್ರಿಲ್, ಮೇ ಗೊತ್ತಲ್ಲ. ಮಧ್ಯಾಹ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಯಾಟರಿ ಇಟ್ಟರೆ ಹಪ್ಪಳದ ಹಾಗೆ ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಿ ಹಾರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆಂಕಿ ಹೊತ್ತಿಕೊಳ್ಳುತ್ತದೆ.

ಬಿದರಿ ಬೆಳ್ಳಿ:
ನೀವು ಪುಣ್ಯವಂತರು, ಹಸಿರು ನೋಡುತ್ತಿದ್ದೀರಿ. ನಮ್ಮ ಬೀದರ್‌ನಲ್ಲಿ ವಾಯುಪಡೆ ನೆಲೆ ಊರಿಗೆ ಅಂಟಿಕೊಂಡೇ ಇದೆ. ತಲೆ ಮೇಲೆ ಹಾಕ್ ತರಬೇತಿ ವಿಮಾನ ಹೋಗುತ್ತಲೇ ಇರುತ್ತವೆ, ಸೂರ್ಯಕಿರಣ ತಂಡದ ಮನೆಯೂ ಇಲ್ಲೇ. ನಮಗೆ ಪಾರ್ಕಿನ ಚರ್ಚೆಯೇ ಇಲ್ಲ. ಅಕ್ಕನ ಮಗ ಕೇಳಿದಾಗ ಮನೆಯೊಳಗೆ ಹಾಲ್‌ನಲ್ಲಿ ಹಾರಿಸು ಅಂದೆ. ಫ್ಯಾನ್ ಆಫ್ ಮಾಡಿಸಿ.

ಗಂಜ್ ಹುಡುಗ:
ಹಂಗಾದ್ರೆ ಪಾರ್ಕ್ ಬಿಟ್ಟು ಕೋಟೆಗೆ ಹೋದರೆ? ಅಲ್ಲಿ ಜಾಗ ದೊಡ್ಡದು, ಮೇಲಿಂದ ಜಾಮಾ ಮಸೀದಿ ಗುಮ್ಮಟಗಳ ಸಾಲು ಸಿಕ್ಕರೆ ಏನು ಶಾಟ್ ಅಣ್ಣ!

ನಕಾಶೆ ಕಾಕಾ:
ಶಾಟ್ ಚಂದ, ಆದರೆ ಆಗದು. ನಮ್ಮ ಕೋಟೆ, ಅದರೊಳಗಿನ ಮಸೀದಿ, ಆ ಕಡೆ ಹಫ್ತ್ ಗುಂಬಜ್, ಬೀದರ್ ಕೋಟೆ ಎಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಡ್ರೋನ್ ಹಾರಿಸಲು ಇಲಾಖೆಯ ಲಿಖಿತ ಅನುಮತಿ ಬೇಕು. ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋಗೋಣ ಅನ್ನಬೇಡ ಮತ್ತೆ, ಅಲ್ಲಿ ಅರಣ್ಯ ಇಲಾಖೆಯವರನ್ನು ಕೇಳಬೇಕು. ಎಲ್ಲ ಕಡೆ ಇದೇ ಕಥೆ: ಆಕಾಶ ಒಬ್ಬರದು, ನೆಲ ಇನ್ನೊಬ್ಬರದು.

ಗಂಜ್ ಹುಡುಗ:
ಕಾಕಾ ನಮ್ಮನ್ನು ಎಲ್ಲೂ ಬಿಡಲ್ಲ 🙏

ತೊಗರಿ ಹೊಲ:
ನಮ್ಮ ಹೊಲಕ್ಕೆ ಬಾ ತಮ್ಮ. ತೊಗರಿ ಕಟಾವಾದ ಮೇಲೆ ಕಣ್ಣು ಹಾಯುವಷ್ಟು ಖಾಲಿ.

ಖರೆ ಹೇಳಬೇಕೆಂದರೆ ನಮ್ಮ ಕಡೆ ಡ್ರೋನ್ ಈಗ ಹೊಸದಲ್ಲ. ತೊಗರಿಗೆ ಹೂ ಬಿಡುವ ಹೊತ್ತಿಗೆ ಔಷಧ ಹೊಡೆಯಲು ಬಾಡಿಗೆಗೆ ಬರುತ್ತವೆ. ಎದೆಮಟ್ಟ ಬೆಳೆದ ತೊಗರಿಯೊಳಗೆ ಪಂಪು ಹೊತ್ತು ನಡೆಯುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಅದನ್ನು ಹಾರಿಸುವ ಹುಡುಗ ತರಬೇತಿ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದಾನೆ, ಜೇಬಿನಲ್ಲಿ ಕಾರ್ಡ್ ಇಟ್ಟುಕೊಂಡೇ ಬರುತ್ತಾನೆ. ಅವನು ಮೊದಲು ಮಾಡುವ ಕೆಲಸ ಏನು ಗೊತ್ತಾ? ಬದುವಿನ ಮೇಲೆ ಒಂದು ಸುತ್ತು ನಡೆದು ಕರೆಂಟ್ ತಂತಿ ಎಲ್ಲಿದೆ ಅಂತ ನೋಡುವುದು. ಆಮೇಲೆ ಒಂದು ಹಿಡಿ ಮಣ್ಣು ಮೇಲಿಂದ ಬಿಟ್ಟು ಗಾಳಿ ಯಾವ ಕಡೆ ಅಂತ ನೋಡುತ್ತಾನೆ. ಪಾರ್ಕಿನಲ್ಲಿ ಹಾರಿಸುವವರೂ ಅಷ್ಟು ಮಾಡಿದರೆ ಅರ್ಧ ತಾಪತ್ರಯ ಇರುವುದಿಲ್ಲ.

ಲಗ್ನದ ಕ್ಯಾಮೆರಾ:
ಸರಿಯಾಗಿ ಹೇಳಿದಿರಿ. ಪಾರ್ಕಿನಲ್ಲಿ ತಂತಿಗಿಂತ ಬೇವಿನ ಮರ ಜಾಸ್ತಿ ಕಾಟ. ಸಣ್ಣ ಕೊಂಬೆ ಡ್ರೋನಿನ ಸೆನ್ಸರ್‌ಗೆ ಕಾಣುವುದಿಲ್ಲ. ಹದ್ದುಗಳೂ ಅಷ್ಟೇ. ಗೂಡು ಕಟ್ಟಿದ ಕಾಲದಲ್ಲಿ ನೇರ ಎರಗುತ್ತವೆ. ಹದ್ದು ಸುತ್ತುವುದು ಕಂಡರೆ ಇಳಿಸಿಬಿಡಿ, ಗೆಲ್ಲುವುದು ಅದೇ. ಒಣ ಹುಲ್ಲು, ಮಣ್ಣಿನ ಮೇಲಿಂದ ನೇರ ಎಬ್ಬಿಸಬೇಡಿ, ಧೂಳು ಮೋಟಾರಿಗೆ ಹೊಕ್ಕುತ್ತದೆ. ಒಂದು ರಟ್ಟು ಹಾಸಿದರೂ ಸಾಕು.

ಶಹಾಬಾದ್ ಕಲ್ಲು:
ಒಂದು ಸೀರಿಯಸ್ ಪ್ರಶ್ನೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗ ಮೇಲಿಂದ ತೆಗೆದ ವಿಡಿಯೋ ಸ್ಟೇಟಸ್‌ಗಳಲ್ಲಿ ಓಡಾಡುತ್ತವಲ್ಲ. ಅವರಿಗೆ ಹೇಗೆ ಬಿಡುತ್ತಾರೆ?

ನಕಾಶೆ ಕಾಕಾ:
ಬಿಟ್ಟಿರಬಹುದು, ಬಿಡದೆಯೂ ಹಾರಿಸಿರಬಹುದು. ಯಾರೋ ಹಾರಿಸಿದರು ಅಂತ ನಮಗೂ ಅನುಮತಿ ಸಿಕ್ಕಂತಲ್ಲ. ಅಷ್ಟು ಜನರ ತಲೆ ಮೇಲೆ ಹಾರಿಸುವುದು ಕೈಯಾರೆ ಕಷ್ಟ ತಂದುಕೊಂಡ ಹಾಗೆ. ಬ್ಯಾಟರಿ ಕೈಕೊಟ್ಟರೆ ಅದು ಬೀಳುವುದು ಯಾರದೋ ತಲೆ ಮೇಲೆ.

ಇದರ ಜೊತೆ ಇನ್ನೊಂದು ವಿಷಯ. ಪೊಲೀಸರಿಗೆ ತಾತ್ಕಾಲಿಕ ಕೆಂಪು ವಲಯ ಮಾಡುವ ಅಧಿಕಾರ ಇದೆ. ಎಸ್‌ಪಿ ದರ್ಜೆ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿ, ಒಂದು ಸಲಕ್ಕೆ 96 ಗಂಟೆ ತನಕ ಮಾಡಬಹುದು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಮುಖ್ಯಮಂತ್ರಿ ಬರುವಾಗ, ಚುನಾವಣೆ ಎಣಿಕೆ ದಿನ, ದೊಡ್ಡ ಸಭೆ ಇದ್ದಾಗ ಇಂಥ ಆದೇಶ ಬರಬಹುದು. ನಿನ್ನೆ ಹಸಿರಿದ್ದ ಪಾರ್ಕು ಇವತ್ತು ಕೆಂಪು. ಅಂಥ ದಿನಗಳಲ್ಲಿ ಪೇಪರಿನ ಜಿಲ್ಲಾ ಪುಟ ನೋಡಿ, ಇಲ್ಲವೇ ಠಾಣೆಗೆ ಒಂದು ಫೋನ್ ಮಾಡಿ.

ಬೆಳಗಿನ ವಾಕಿಂಗ್:
ಮಗನಿಗೆ ಹದಿನಾರು ವರ್ಷ ಅಲ್ವಾ? ಏನಾದರೂ ಆದರೆ ಕೇಸ್ ಯಾರ ಮೇಲೆ?

ನಕಾಶೆ ಕಾಕಾ:
ಪೈಲಟ್ ಸರ್ಟಿಫಿಕೇಟಿಗೆ 18 ತುಂಬಿರಬೇಕು. ನ್ಯಾನೋಗೆ ಸರ್ಟಿಫಿಕೇಟೇ ಬೇಡದ ಕಾರಣ ಹುಡುಗ ಹಾರಿಸಬಹುದು. ಆದರೆ ಪೊಲೀಸರು ಮೊದಲು ಕೇಳುವುದು ಅಪ್ಪ ಎಲ್ಲಿ ಅಂತ. ಒಬ್ಬನನ್ನೇ ಕಳಿಸಬೇಡಿ. ಅವನು ಸ್ಕ್ರೀನ್ ನೋಡುತ್ತಿದ್ದರೆ ನೀವು ಡ್ರೋನ್ ನೋಡುತ್ತಿರಿ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ. ಸರಡಗಿ ನಿಲ್ದಾಣದಲ್ಲಿ ಪೈಲಟ್ ತರಬೇತಿಯೂ ನಡೆಯುತ್ತದೆ, ಸಣ್ಣ ವಿಮಾನಗಳು ಹಾರುತ್ತಿರುತ್ತವೆ. ಸದ್ದು ಕೇಳಿದರೆ ಡ್ರೋನ್ ಕೆಳಗೆ. ದಾರಿ ಬಿಡಬೇಕಾದದ್ದು ನಾವು.

ಜೇವರ್ಗಿ ರೋಡ್:
ಫಲಕ ನೋಡಿ ಬಂದೆ, ನಮ್ಮದು ಪಾಲಿಕೆ ಪಾರ್ಕು. ಅರ್ಜಿ ಬರೆದಿದ್ದೇನೆ, ನೋಡಿ ಹೇಳಿ:

"ಮಾನ್ಯರೇ, ನನ್ನ ಮಗ ಹವ್ಯಾಸಕ್ಕಾಗಿ 250 ಗ್ರಾಂಗಿಂತ ಕಡಿಮೆ ತೂಕದ ಡ್ರೋನ್ ಹಾರಿಸಲು ನಮ್ಮ ಬಡಾವಣೆಯ ಉದ್ಯಾನದಲ್ಲಿ ಅನುಮತಿ ಕೊಡಬೇಕೆಂದು ಕೋರುತ್ತೇನೆ."

ನಕಾಶೆ ಕಾಕಾ:
ಇಷ್ಟೇ ಬರೆದರೆ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಓದುವ ಅಧಿಕಾರಿಗೆ ಧೈರ್ಯ ಬರುವ ಹಾಗೆ ಬರೆಯಿರಿ. ಯಾವ ಮೂಲೆ, ಯಾವ ಹೊತ್ತು, ಎಷ್ಟು ಎತ್ತರ. ಅಪ್ಪ ಜೊತೆಯಲ್ಲೇ ಇರುತ್ತಾನೆ ಅನ್ನುವುದು. ಜನರ ಮೇಲೆ, ಮಕ್ಕಳ ಜೋಕಾಲಿ ಕಡೆ, ಪಕ್ಕದ ಮನೆಗಳ ಕಡೆ ಹಾರಿಸುವುದಿಲ್ಲ ಅನ್ನುವುದು. ಹಸಿರು ವಲಯದ ಸ್ಕ್ರೀನ್‌ಶಾಟ್, ಬಿಲ್ ಜೊತೆಗೆ ಲಗತ್ತಿಸಿ. "ಸದಾ ಕಾಲ" ಅನ್ನುವ ಹಾಗೆ ಕೇಳಬೇಡಿ. ಭಾನುವಾರ ಬೆಳಿಗ್ಗೆ ಒಂದು ತಾಸು, ಎರಡು ತಿಂಗಳಿಗೆ ಅಂತ ಕೇಳಿ. ಇಂತಿಷ್ಟು ಅಂತ ಕೇಳಿದ್ದಕ್ಕೆ ಸಹಿ ಹಾಕುವುದು ಸುಲಭ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬರುವ ತನಕ ಪಾರ್ಕಿನಲ್ಲಿ ಹಾರಿಸಬೇಡಿ.

ತೊಗರಿ ಹೊಲ:
ಅಲ್ಲಿ ತನಕ ಹುಡುಗನನ್ನು ನಮ್ಮ ಹೊಲಕ್ಕೆ ಕರ್ಕೊಂಡು ಬನ್ನಿ. ಮಾಲೀಕನ ಅನುಮತಿ ಬಾಯಿಮಾತಿನಲ್ಲೇ ಇದೆ. ನಮ್ಮೂರು ಆಳಂದ ರೋಡ್ ಕಡೆ. ಕಾಕಾ, ಹಸಿರೇ ಅಲ್ವಾ?

ನಕಾಶೆ ಕಾಕಾ:
ಹಸಿರೇ ಇರಬೇಕು. ಹೊರಡುವ ದಿನ ನಕಾಶೆ ನೋಡಿ.

ಬೆಳಗಿನ ವಾಕಿಂಗ್:
ಆ ಅರ್ಜಿಯ ಒಂದು ಪ್ರತಿ ಪಾರ್ಕಿನ ವಾಚ್‌ಮನ್‌ಗೂ ಕೊಡಿ ಸರ್. ದಿನಾ ಅಲ್ಲಿ ನಿಲ್ಲುವವನು ಅವನೇ. ಮುಂದಿನ ಸಲ ಯಾರಾದರೂ ಕೇಳಿದರೆ ತೋರಿಸಲು ಅವನ ಕೈಯಲ್ಲೂ ಒಂದು ಕಾಗದ ಇರಲಿ.

ಜೇವರ್ಗಿ ರೋಡ್:
ಆಯ್ತು ಮೇಡಂ, ಅವನಿಗೂ ಕೊಡುತ್ತೇನೆ. ತೊಗರಿ ಹೊಲ ಅಣ್ಣ, ಮೆಸೇಜ್ ಮಾಡಿದ್ದೇನೆ, ನೋಡಿ. ಶನಿವಾರ ಸಂಜೆ ನಡೆಯುತ್ತದಾ?

ತೊಗರಿ ಹೊಲ:
ನಡೆಯುತ್ತದೆ. ಐದರ ಮೇಲೆ ಬನ್ನಿ, ಬಿಸಿಲು ಇಳಿದಿರುತ್ತದೆ. ಬರುವಾಗ ಆ ರಟ್ಟು ಮರೆಯಬೇಡಿ, ನಮ್ಮದು ಎರೆ ಮಣ್ಣು.